ನಗು ಮುಗಿದ ಮೇಲೆ ಕೈಯಲ್ಲಿ ಏನು ಉಳಿಯಿತು?

ನಮ್ಮ ಖಾಲಾ ತೀರಿಕೊಂಡು ನಲವತ್ತು ದಿನಗಳೂ ತುಂಬಿರಲಿಲ್ಲ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಅವರ ಕಿರಿಯ ಮಗ ಒಂದು ರಾತ್ರಿ ರೂಮಿಗೆ ಬಂದು ಸುಮ್ಮನೆ ಕುಳಿತಿದ್ದಾಗ ಮೊಬೈಲ್ ಸದ್ದು ಮಾಡಿತು. ಪರದೆಯ ಮೇಲೆ 'ಅಮ್ಮನಿಂದ 3 ಮಿಸ್ಡ್ ಕಾಲ್' ಎಂದಿತ್ತು. ಬೆರಳಿಟ್ಟು ತೆರೆದರೆ ಕೆಳಗೆ ಇನ್ನೊಂದು ಸಾಲು. ಊಟ ಆಯಿತಾ ಎಂದು ಅಮ್ಮ ಕೇಳುವ ಮೊದಲೇ ಆರ್ಡರ್ ಮಾಡಿಬಿಡು, ಇವತ್ತು ಬಿರಿಯಾನಿಗೆ ರಿಯಾಯಿತಿ ಇದೆ. ಮನೆ ಬಾಗಿಲಿಗೆ ಊಟ ತಲುಪಿಸುವ ಕಂಪೆನಿಯೊಂದು ಮಾಡಿದ ತಮಾಷೆ ಅದು.

"ಭಾಯ್‌ಜಾನ್, ಅರೆಕ್ಷಣ ನಾನು ನಂಬಿಬಿಟ್ಟೆ" ಎಂದು ಊರಿಗೆ ಬಂದಾಗ ಅವನು ನಮಗೆ ಹೇಳಿದ. ಸಿಟ್ಟಿನಿಂದ ಹೇಳಲಿಲ್ಲ. "ಅವರಿಗೇನು ಗೊತ್ತು ಬಿಡಿ, ಲಕ್ಷಾಂತರ ಜನರಿಗೆ ಒಟ್ಟಿಗೇ ಕಳಿಸಿರುತ್ತಾರೆ" ಎಂದು ನಕ್ಕ. ಅವನ ಆ ನಗು ನಮ್ಮನ್ನು ಬಹಳ ದಿನ ಕಾಡಿತು. ಕಂಪೆನಿಯ ತಮಾಷೆಗೆ ಕಂಪೆನಿಯ ಪರವಾಗಿ ನೊಂದವನೇ ಸಮಜಾಯಿಷಿ ಕೊಡಬೇಕಾದ ಸ್ಥಿತಿಗೆ ನಾವು ಯಾವಾಗ ಬಂದು ತಲುಪಿದೆವು? ಈ ಲೇಖನಕ್ಕೆ ಆ ಪ್ರಶ್ನೆಯೇ ಕಾರಣ.

ಮಾರುಕಟ್ಟೆಗೂ ನಗುವಿಗೂ ಹಳೆಯ ನಂಟಿದೆ. ಸಂತೆಯಲ್ಲಿ ಬಳೆ ಮಾರುವವರು, ಉರೂಸಿನ ಜಾತ್ರೆಯಲ್ಲಿ ಮಿಠಾಯಿ ಮಾರುವವರು, ಬಸ್‌ಸ್ಟ್ಯಾಂಡಿನಲ್ಲಿ ಹಲ್ಲುಪುಡಿ ಮಾರುವವರು ಎಲ್ಲರೂ ಮಾತಿನಲ್ಲಿ ನಗಿಸಿಯೇ ಗಿರಾಕಿಯನ್ನು ನಿಲ್ಲಿಸುತ್ತಿದ್ದರು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಕಳೆದ ಹದಿನೈದು ಇಪ್ಪತ್ತು ವರ್ಷಗಳಲ್ಲಿ ಈ ನಗಿಸುವ ಕೆಲಸ ಒಂದು ಪ್ರತ್ಯೇಕ ಉದ್ಯಮವಾಗಿ ಬೆಳೆದಿದೆ. ಅದಕ್ಕೆ 'ಕಂಟೆಂಟ್ ಮಾರ್ಕೆಟಿಂಗ್' ಎಂದು ಹೆಸರು. ನಮ್ಮ ಸಾಬೂನು ಕೊಳ್ಳಿ ಎಂದು ನೇರವಾಗಿ ಹೇಳುವ ಬದಲು ಒಂದು ಕಥೆ, ಒಂದು ಜೋಕು, ಒಂದು ಕುಚೇಷ್ಟೆಯ ವಿಡಿಯೋ ಹರಿಯಬಿಡುವುದು, ಜನ ಅದನ್ನು ತಾವಾಗಿಯೇ ಒಬ್ಬರಿಂದೊಬ್ಬರಿಗೆ ದಾಟಿಸುವಂತೆ ಮಾಡುವುದು ಇದರ ಮರ್ಮ. ಜಾಹೀರಾತನ್ನು ಜನ ದಾಟಿ ಹೋಗುತ್ತಾರೆ, ಜೋಕನ್ನು ಮಾತ್ರ ನಾಲ್ಕು ಜನಕ್ಕೆ ಹೇಳುತ್ತಾರೆ. ಹಾಗೆ ಹೇಳುವ ಪ್ರತಿಯೊಬ್ಬನೂ ಸಂಬಳವಿಲ್ಲದ ಮಾರಾಟ ಪ್ರತಿನಿಧಿಯಾಗುತ್ತಾನೆ.

ಕಥೆ ಬರೆಯುವ ನಮಗೆ ಈ 'ಕಂಟೆಂಟ್' ಎಂಬ ಪದವೇ ಕಸಿವಿಸಿಯನ್ನು ಉಂಟುಮಾಡುತ್ತದೆ. ಕಥೆ, ಗಜಲ್, ಲಾವಣಿ, ಹರಟೆ, ಹಾಸ್ಯ ಎಲ್ಲವೂ ಒಂದೇ ಚೀಲಕ್ಕೆ ತುಂಬಬಹುದಾದ ಸರಕು ಎಂಬ ಧ್ವನಿ ಅದರಲ್ಲಿದೆ. ಲಖನೌದಲ್ಲಿ 1877ರಲ್ಲಿ ಮುನ್ಷಿ ಸಜ್ಜಾದ್ ಹುಸೇನರು 'ಅವಧ್ ಪಂಚ್' ಆರಂಭಿಸಿದಾಗ, ಬೆಂಗಳೂರಿನಲ್ಲಿ 1942ರಲ್ಲಿ ರಾಶಿಯವರು 'ಕೊರವಂಜಿ' ಹೊರತಂದಾಗ ಓದುಗ ದುಡ್ಡು ಕೊಟ್ಟು ನಗುತ್ತಿದ್ದ. ಅದರಿಂದಾಗಿ ಆ ಪತ್ರಿಕೆಗಳ ನಗು ಓದುಗನಿಗೆ ಋಣಿಯಾಗಿತ್ತು. ಇಂದು ನಗು ಪುಕ್ಕಟೆ. ಪುಕ್ಕಟೆ ಸಿಗುವ ನಗುವಿನ ದುಡ್ಡನ್ನು ಬೇರೆ ಯಾರೋ ಕೊಟ್ಟಿರುತ್ತಾರೆ, ಆ ನಗು ಅವರಿಗೇ ಋಣಿಯಾಗಿರುತ್ತದೆ.

*

ಉರ್ದು ಶಾಲೆಯಲ್ಲಿ ನಮಗೆ ಪಾಠ ಹೇಳಿದ ಉಸ್ತಾದರು ನಗೆಯಲ್ಲಿ ಮೂರು ಬಗೆಗಳನ್ನು ಹೇಳುತ್ತಿದ್ದರು. ಮೊದಲನೆಯದು ಮಿಜಾಹ್, ಅಂದರೆ ಎಲ್ಲರೂ ಸೇರಿ ನಗುವ ತಿಳಿಯಾದ ಹಾಸ್ಯ. ಎರಡನೆಯದು ತಂಜ್, ಅಂದರೆ ಒಳಗೊಂದು ಸೂಜಿ ಇರುವ ವಿಡಂಬನೆ. ಮೂರನೆಯದು ತಮಸ್ಖುರ್, ಅಂದರೆ ಇನ್ನೊಬ್ಬರನ್ನು ಕೀಳಾಗಿಸಿ ಪಡೆಯುವ ಅಪಹಾಸ್ಯ. ಮೊದಲೆರಡು ಸಾಹಿತ್ಯದ ಆಸ್ತಿ, ಮೂರನೆಯದು ಪಾಪ ಎಂಬುದು ಅವರ ತೀರ್ಮಾನ. ಒಂದು ಜನಾಂಗ ಇನ್ನೊಂದು ಜನಾಂಗವನ್ನು ಗೇಲಿ ಮಾಡಬಾರದೆಂದು ಕುರ್‌ಆನಿನ ಸೂರಃ ಹುಜುರಾತ್ ತಾಕೀತು ಮಾಡಿರುವುದನ್ನು ಅವರು ಇದರೊಂದಿಗೆ ಜೋಡಿಸಿ ಹೇಳುತ್ತಿದ್ದರು.

ಅವರೇ ಹೇಳಿದ ಇನ್ನೊಂದು ಪ್ರಸಂಗ ಹದೀಸ್ ಗ್ರಂಥಗಳಲ್ಲಿದೆ. ಒಬ್ಬಾತ ಪ್ರವಾದಿ ಮುಹಮ್ಮದ್ (ಸ) ಅವರ ಬಳಿ ಬಂದು ಸವಾರಿಗೊಂದು ಒಂಟೆ ಬೇಕೆಂದು ಕೇಳಿದ. ಹೆಣ್ಣೊಂಟೆಯ ಮರಿಯೊಂದನ್ನು ಕೊಡುವುದಾಗಿ ಪ್ರವಾದಿಯವರು ಹೇಳಿದರು. ಮರಿಯನ್ನು ಕಟ್ಟಿಕೊಂಡು ನಾನೇನು ಮಾಡಲಿ ಎಂದು ಆತ ಪೇಚಾಡಿದ. ಎಂಥ ದೊಡ್ಡ ಒಂಟೆಯಾದರೂ ಒಂದು ಹೆಣ್ಣೊಂಟೆಯ ಮರಿಯೇ ಅಲ್ಲವೇ ಎಂದು ಅವರು ಕೇಳಿದಾಗ ಆತನಿಗೆ ತಮಾಷೆ ಅರ್ಥವಾಯಿತು. ಇಲ್ಲಿ ಒಂದು ಸುಳ್ಳೂ ಇಲ್ಲ. ಕೇಳಿದವನನ್ನು ಅರೆಗಳಿಗೆ ಕಕ್ಕಾಬಿಕ್ಕಿ ಮಾಡಿದ್ದುಂಟು, ಆದರೆ ಆಡಿದ ಮಾತಿನ ಹಿಂದೆ ನಿಜವಾದ ಒಂದು ಒಂಟೆ ಇತ್ತು. ಇದರ ಜೊತೆಯಲ್ಲೇ, ಜನರನ್ನು ನಗಿಸಲೆಂದು ಸುಳ್ಳು ಹೇಳುವವನ ಬಗ್ಗೆ ಹದೀಸ್‌ನಲ್ಲಿ ಬಂದಿರುವ ಕಠೋರ ಎಚ್ಚರಿಕೆಯನ್ನೂ ಉಸ್ತಾದರು ನೆನಪಿಸುತ್ತಿದ್ದರು.

ಇದನ್ನು ಧಾರ್ಮಿಕ ಉಪದೇಶವಾಗಿ ನಾವು ಇಲ್ಲಿ ತರುತ್ತಿಲ್ಲ. ವಿಮರ್ಶೆಗೆ ಇದೊಂದು ಅಳತೆಗೋಲು ಒದಗಿಸುತ್ತದೆ. ನಗು ಮುಗಿದ ಮೇಲೆ ಕೇಳಿದವನ ಕೈಯಲ್ಲಿ ಏನು ಉಳಿಯಿತು? ಒಂಟೆ ಉಳಿಯಿತೇ, ಬರಿಗೈ ಉಳಿಯಿತೇ? ಈ ಅಳತೆಗೋಲನ್ನು ಹಿಡಿದು ಕಂಪೆನಿಗಳ ಕೆಲವು ಪ್ರಸಿದ್ಧ ತಮಾಷೆಗಳನ್ನು ನೋಡೋಣ.

*

ಮೊದಲು ಚೆನ್ನಾಗಿರುವುದನ್ನು ಚೆನ್ನಾಗಿದೆ ಎನ್ನಬೇಕು. 2002ರಲ್ಲಿ ಬಂದ ಫೆವಿಕಾಲ್ ಗೋಂದಿನ ಬಸ್ ಜಾಹೀರಾತು ಬಹಳಷ್ಟು ಓದುಗರಿಗೆ ನೆನಪಿರಬಹುದು. ಮರಳುಗಾಡಿನ ಹಾಳು ರಸ್ತೆಯಲ್ಲಿ ಒಂದು ಲಡಕಾಸಿ ಬಸ್ಸು ಕುಲುಕುತ್ತ ಸಾಗುತ್ತದೆ. ಮೇಲೆ, ಪಕ್ಕಕ್ಕೆ, ಹಿಂದಕ್ಕೆ ಜೇನುಹುಳುಗಳಂತೆ ಜನ ಅಂಟಿಕೊಂಡಿದ್ದಾರೆ. ಬಸ್ಸು ಎಷ್ಟು ವಾಲಿದರೂ ಒಬ್ಬರೂ ಬೀಳುವುದಿಲ್ಲ. ಕೊನೆಗೆ ಬಸ್ಸಿನ ಹಿಂಬದಿಯಲ್ಲಿ ಫೆವಿಕಾಲ್ ಹೆಸರು ಕಾಣುತ್ತದೆ, ಅಷ್ಟೇ. ಮಾತೇ ಇಲ್ಲ. ಓಗಿಲ್ವಿ ಸಂಸ್ಥೆಯ ಪೀಯೂಷ್ ಪಾಂಡೆಯವರ ಬಳಗ ಮಾಡಿದ ಈ ಚಿತ್ರವನ್ನು ಅವರ ತಮ್ಮ ಪ್ರಸೂನ್ ಪಾಂಡೆ ನಿರ್ದೇಶಿಸಿದ್ದರು. ಪೀಯೂಷ್ 2025ರ ಅಕ್ಟೋಬರಿನಲ್ಲಿ ತೀರಿಕೊಂಡಾಗ ದೇಶದ ಮೂಲೆ ಮೂಲೆಯ ಜನ ಈ ಬಸ್ಸನ್ನೇ ನೆನೆದರು.

ಇದು ಸುಳ್ಳಲ್ಲವೇ ಎಂದು ಕೇಳಬಹುದು. ಉರ್ದು ಕಾವ್ಯಶಾಸ್ತ್ರದಲ್ಲಿ 'ಮುಬಾಲಿಗಾ' ಎಂಬ ಅಲಂಕಾರವಿದೆ, ಕನ್ನಡದಲ್ಲಿ ನಾವು ಅತಿಶಯೋಕ್ತಿ ಎನ್ನುತ್ತೇವೆ. ಅದರಲ್ಲಿ ಮೂರು ಮೆಟ್ಟಿಲು: ಬುದ್ಧಿಗೂ ರೂಢಿಗೂ ಒಪ್ಪುವ ಉತ್ಪ್ರೇಕ್ಷೆ ತಬ್ಲೀಗ್, ಬುದ್ಧಿಗೆ ಸಾಧ್ಯವೆನಿಸಿದರೂ ರೂಢಿಯಲ್ಲಿ ಕಾಣದ್ದು ಇಗ್ರಾಕ್, ಎರಡಕ್ಕೂ ನಿಲುಕದ್ದು ಗುಲೂ. ಕವಿ ಎಷ್ಟೇ ಮೇಲಿನ ಮೆಟ್ಟಿಲಿಗೆ ಹತ್ತಿದರೂ ಅವನನ್ನು ಸುಳ್ಳುಗಾರನೆಂದು ಯಾರೂ ಕರೆಯುವುದಿಲ್ಲ. ಯಾಕೆಂದರೆ ಅವನು ಏಣಿ ಹತ್ತುತ್ತಿರುವುದು ಕೇಳುಗನ ಕಣ್ಣೆದುರೇ. ಫೆವಿಕಾಲ್ ಬಸ್ಸು ಅಂಥ ಏಣಿ. ಬಸ್ಸಿಗೆ ಗೋಂದು ಬಳಿದಿದ್ದಾರೆಂದು ಯಾವ ಮಗುವೂ ನಂಬಲಿಲ್ಲ. ಆದರೆ ತುಂಬಿ ತುಳುಕುವ ಬಸ್ಸಿನ ಮೇಲೆ ಕುಳಿತು ಮದುವೆಗೆ, ಸಂತೆಗೆ ಹೋದವರೆಲ್ಲ ಅಲ್ಲಿ ತಮ್ಮ ಮುಖ ಕಂಡು ನಕ್ಕರು. ಈ ನಗುವಿನಲ್ಲಿ ಯಾರೂ ಹೊರಗಿಲ್ಲ.

ಅಮುಲ್‌ ಬೆಣ್ಣೆಯ ಕಥೆ ಇಷ್ಟು ಸರಳವಲ್ಲ. 1966ರಲ್ಲಿ ಸಿಲ್ವೆಸ್ಟರ್ ಡಕುನ್ಹಾ ಮತ್ತು ಚಿತ್ರಕಾರ ಯೂಸ್ಟೇಸ್ ಫರ್ನಾಂಡಿಸ್ ಸೇರಿ ಸೃಷ್ಟಿಸಿದ ಆ ನೀಲಿಕೂದಲಿನ ಹುಡುಗಿ ಆರು ದಶಕಗಳಿಂದ ರಾಜಕಾರಣ, ಕ್ರಿಕೆಟ್, ಸಿನಿಮಾ ಎಲ್ಲದರ ಮೇಲೂ ಚಟಾಕಿ ಹಾರಿಸುತ್ತ ಬಂದಿದ್ದಾಳೆ. ಇಂದು ಕಂಪೆನಿಗಳು 'ಮೊಮೆಂಟ್ ಮಾರ್ಕೆಟಿಂಗ್' ಎಂದು ಹೊಸ ಹೆಸರಿಟ್ಟು ಮಾಡುತ್ತಿರುವುದನ್ನು, ಎಂದರೆ ಅಂದಿನ ಸುದ್ದಿಗೆ ಅಂದೇ ಜೋಕು ಕಟ್ಟುವುದನ್ನು, ಅವಳು ಬೀದಿಯ ಹಲಗೆಯ ಮೇಲೆ ಆಗಲೇ ಮಾಡುತ್ತಿದ್ದಳು.

ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ, ಅಮುಲ್ ಹಾಕಿದ ಒಂದು ಹಲಗೆ ಜಾಹೀರಾತು ಲೋಕದಲ್ಲಿ ದಂತಕಥೆಯಾಗಿದೆ. ಇಂಗ್ಲಿಷಿನ 'ಸ್ಟೆರಿಲೈಸೇಷನ್' ಎಂಬ ಪದಕ್ಕೆ ಕ್ರಿಮಿ ನಾಶ ಎಂಬ ಅರ್ಥವೂ ಇದೆ, ಸಂತಾನಹರಣ ಎಂಬ ಅರ್ಥವೂ ಇದೆ. ಕಡ್ಡಾಯ ಸ್ಟೆರಿಲೈಸೇಷನ್ ನಮ್ಮಲ್ಲಿ ಮೊದಲಿನಿಂದಲೂ ಇದೆ ಎಂದು ಆ ಹುಡುಗಿ ಬೆಣ್ಣೆಯ ತಟ್ಟೆ ಹಿಡಿದು ನಿಂತಿದ್ದಳು. ಪತ್ರಿಕೆಗಳ ಮೇಲೆ ಸೆನ್ಸಾರ್ ಇದ್ದ ದಿನಗಳಲ್ಲಿ ಆ ಮಾತನ್ನು ಬೀದಿಯಲ್ಲಿ ಆಡಿದ್ದು ಸಣ್ಣ ಧೈರ್ಯವಲ್ಲ, ಅದನ್ನು ನಾವು ಒಪ್ಪುತ್ತೇವೆ. ಆದರೆ ಅದೇ ವರ್ಷ ನವೆಂಬರಿನಲ್ಲಿ ಹರಿಯಾಣದ ಉತ್ತಾವರ್ ಎಂಬ ಮೇವಾತಿ ಮುಸ್ಲಿಮರ ಹಳ್ಳಿಯನ್ನು ಪೊಲೀಸರು ಸುತ್ತುವರಿದು ಗಂಡಸರನ್ನು ಎಳೆದೊಯ್ದು ಶಸ್ತ್ರಚಿಕಿತ್ಸೆ ಮಾಡಿಸಿದ್ದು ಓದಿ ಬಲ್ಲ ನಮಗೆ ಆ ಜೋಕನ್ನು ಇಡಿಯಾಗಿ ನಗಲು ಆಗುವುದಿಲ್ಲ. ಅದು ಪ್ರಭುತ್ವವನ್ನು ಚುಚ್ಚಿದ ತಂಜ್ ಹೌದು, ಜೊತೆಗೆ ಬಲಿಯಾದವರ ನೋವನ್ನು ಬೆಣ್ಣೆಯ ಶುದ್ಧತೆಗೆ ಉಪಮೆಯಾಗಿಸಿದ ಹಗುರತನವೂ ಹೌದು. ಕಂಪೆನಿಯ ಅತ್ಯುತ್ತಮ ತಮಾಷೆಯಲ್ಲೂ ಈ ಎರಡಲಗು ಇರುತ್ತದೆ. ಸೂಜಿ ಯಾರ ಕಡೆಗಾದರೂ ತಿರುಗಲಿ, ಕೊನೆಗೆ ಹೊಲಿಯುವುದು ತನ್ನ ಸರಕಿನ ಚೀಲವನ್ನೇ.

ಕನ್ನಡಿಗರು ಇದನ್ನು ಇನ್ನೊಂದು ರೀತಿಯಲ್ಲಿ ಕಂಡಿದ್ದಾರೆ. 2023ರ ಏಪ್ರಿಲ್‌ನಲ್ಲಿ ಅಮುಲ್ ತನ್ನ ಹಾಲು ಮೊಸರನ್ನು ಬೆಂಗಳೂರಿಗೆ ತರುವುದಾಗಿ ಜಾಲತಾಣದಲ್ಲಿ ಪ್ರಕಟಿಸಿದಾಗ ನಂದಿನಿಯ ಪರವಾಗಿ ರಾಜ್ಯವೇ ಎದ್ದು ನಿಂತಿತು, ಬೆಂಗಳೂರಿನ ಹೋಟೆಲ್ ಮಾಲೀಕರ ಸಂಘ ನಂದಿನಿ ಹಾಲನ್ನೇ ಬಳಸುವುದಾಗಿ ಸಾರಿತು. ಎಷ್ಟೋ ವರ್ಷ ನಮ್ಮನ್ನು ನಗಿಸಿದ್ದ ಹುಡುಗಿಯ ಮೇಲಿನ ಪ್ರೀತಿ ಹಾಲು ಕರೆಯುವ ರೈತನ ಹೊಟ್ಟೆಯ ಪ್ರಶ್ನೆ ಬಂದಾಗ ಲೆಕ್ಕಕ್ಕೆ ಬರಲಿಲ್ಲ. ನಗಿಸಿದವರಿಗೆಲ್ಲ ಜನ ಮನೆಯ ಕೀಲಿಕೈ ಕೊಡುವುದಿಲ್ಲ ಎಂಬುದು ಸಮಾಧಾನದ ಸಂಗತಿ.

*

ಹಾಸ್ಯದಿಂದ ಕುಚೇಷ್ಟೆಗೆ ಬರೋಣ. ಹಾಸ್ಯದಲ್ಲಿ ಏಣಿ ಕಣ್ಣೆದುರಿಗೇ ಇರುತ್ತದೆ, ಕುಚೇಷ್ಟೆಯಲ್ಲಿ ಅದನ್ನು ಬಚ್ಚಿಡಲಾಗುತ್ತದೆ. ಕಂಪೆನಿಗಳ ಏಪ್ರಿಲ್ ಫೂಲ್ ಚರಿತ್ರೆಯಲ್ಲಿ 1996ರ ಏಪ್ರಿಲ್ 1 ದೊಡ್ಡ ದಿನ. ಅಂದು ಅಮೆರಿಕದ ತಿಂಡಿ ಕಂಪೆನಿ ಟಾಕೋ ಬೆಲ್ ಪ್ರಮುಖ ದಿನಪತ್ರಿಕೆಗಳಲ್ಲಿ ಪುಟ ತುಂಬ ಜಾಹೀರಾತು ಹಾಕಿ, ದೇಶದ ಸಾಲ ತೀರಿಸಲು ನೆರವಾಗಲೆಂದು ಫಿಲಡೆಲ್ಫಿಯಾದ ಐತಿಹಾಸಿಕ ಸ್ವಾತಂತ್ರ್ಯ ಗಂಟೆ 'ಲಿಬರ್ಟಿ ಬೆಲ್' ಅನ್ನು ತಾನು ಕೊಂಡಿರುವುದಾಗಿ, ಅದು ಇನ್ನು ಮುಂದೆ 'ಟಾಕೋ ಲಿಬರ್ಟಿ ಬೆಲ್' ಆಗುವುದಾಗಿ ಸಾರಿತು. ಸಾವಿರಾರು ಜನ ಸಿಟ್ಟಿಗೆದ್ದು ಗಂಟೆಯನ್ನು ನೋಡಿಕೊಳ್ಳುವ ಇಲಾಖೆಗೆ ಫೋನ್ ಮಾಡಿದರು. ಮಧ್ಯಾಹ್ನದ ಹೊತ್ತಿಗೆ ಕಂಪೆನಿ ಇದು ತಮಾಷೆ ಎಂದು ಒಪ್ಪಿ, ಗಂಟೆಯ ನಿರ್ವಹಣೆಗೆ 50 ಸಾವಿರ ಡಾಲರ್ ಕೊಡುವುದಾಗಿ ಪ್ರಕಟಿಸಿತು. ಶ್ವೇತಭವನದ ವಕ್ತಾರ ಮೈಕ್ ಮೆಕರಿ ಕೂಡ ಸುಮ್ಮನಿರಲಿಲ್ಲ. ಲಿಂಕನ್ ಸ್ಮಾರಕವನ್ನೂ ಫೋರ್ಡ್ ಮೋಟಾರು ಕಂಪೆನಿಗೆ ಮಾರಿದ್ದೇವೆ, ಅದರ ಹೆಸರು ಇನ್ನು ಲಿಂಕನ್ ಮರ್ಕ್ಯುರಿ ಸ್ಮಾರಕ ಎಂದು ಅವರೂ ಒಂದು ಚಟಾಕಿ ಹಾರಿಸಿದರು.

ಈ ಕುಚೇಷ್ಟೆ ಕಂಪೆನಿಗೆ ಲಾಭ ತಂದಿತು, ಆದರೆ ತನಗೇ ತಿಳಿಯದೆ ಒಂದು ಸತ್ಯವನ್ನೂ ಹೊರಗೆಡವಿತು. ಸ್ವಾತಂತ್ರ್ಯದ ಗಂಟೆಯನ್ನೂ ಸರ್ಕಾರ ಮಾರಿರಬಹುದು ಎಂದು ಜನ ಯಾಕೆ ನಂಬಿದರು? ಯಾಕೆಂದರೆ ಎಲ್ಲವನ್ನೂ ಮಾರುವ ಕಾಲ ಬಂದಿದೆ ಎಂಬ ಅಳುಕು ಅವರ ಒಳಗಿತ್ತು. ಜನರ ದಡ್ಡತನದಿಂದಲ್ಲ, ಈ ಅಳುಕಿನಿಂದ ಆ ತಮಾಷೆ ಗೆದ್ದಿತು.

2021ರಲ್ಲಿ ಫೋಕ್ಸ್‌ವ್ಯಾಗನ್ ಕಾರು ಕಂಪೆನಿ ಮಾಡಿದ್ದು ಬೇರೆಯದೇ ಬಗೆಯದು. ಮಾರ್ಚ್ ಕೊನೆಯಲ್ಲಿ ಅದರ ಅಮೆರಿಕ ಘಟಕ ತನ್ನ ಹೆಸರನ್ನು 'ವೋಲ್ಟ್ಸ್‌ವ್ಯಾಗನ್' ಎಂದು ಬದಲಿಸುವುದಾಗಿ ಹೇಳಿಕೆ ನೀಡಿತು. ವಿದ್ಯುತ್ ಕಾರುಗಳ ಪ್ರಚಾರ ಅದರ ಉದ್ದೇಶ. ಇದು ಏಪ್ರಿಲ್ ಫೂಲ್ ತಾನೇ ಎಂದು ಪತ್ರಕರ್ತರು ಕೇಳಿದಾಗ ಅಲ್ಲ, ನಿಜ ಎಂದೇ ಉತ್ತರ ಬಂತು. ಸುದ್ದಿ ಸಂಸ್ಥೆಗಳು ನಂಬಿ ಪ್ರಕಟಿಸಿದವು, ಷೇರಿನ ಬೆಲೆ ಏರಿತು, ಆಮೇಲೆ ಎಲ್ಲವೂ ತಮಾಷೆ ಎಂದಾಯಿತು. ಇದೇ ಕಂಪೆನಿ ಹೊಗೆ ಪರೀಕ್ಷೆಯಲ್ಲಿ ಮೋಸ ಮಾಡುವ ತಂತ್ರಾಂಶವನ್ನು ಜಗತ್ತಿನಾದ್ಯಂತ ಸುಮಾರು ಒಂದು ಕೋಟಿ ಹತ್ತು ಲಕ್ಷ ಡೀಸೆಲ್ ವಾಹನಗಳಲ್ಲಿ ಅಳವಡಿಸಿ 2015ರಲ್ಲಿ ಸಿಕ್ಕಿಬಿದ್ದಿತ್ತು. ಸುಳ್ಳು ಹೇಳಿ ಒಮ್ಮೆ ಮಾನ ಕಳೆದುಕೊಂಡವನು ಆರೇ ವರ್ಷಗಳಲ್ಲಿ ಸುಳ್ಳನ್ನೇ ತಮಾಷೆಯಾಗಿ ಆಯ್ದುಕೊಂಡ. ಕೇಳಿದ ಮೇಲೂ 'ನಿಜ' ಎಂದು ಹೇಳಿದ ಮಾತು ತಮಾಷೆಯಾಗಿ ಉಳಿಯುವುದಿಲ್ಲ. ಒಂಟೆಯ ಪ್ರಸಂಗದಲ್ಲಿ ಕಕ್ಕಾಬಿಕ್ಕಿಯಾದವನು ಪ್ರಶ್ನೆ ಕೇಳಿದ ಕೂಡಲೇ ನಿಜ ಬಿಚ್ಚಿಕೊಂಡಿತ್ತು ಎಂಬುದನ್ನು ಓದುಗರು ಗಮನಿಸಬೇಕು.

ನಮ್ಮ ದೇಶ ಇದಕ್ಕಿಂತ ಮುಂದೆ ಹೋಯಿತು. 2024ರ ಫೆಬ್ರವರಿ 2ರಂದು ನಟಿ ಪೂನಂ ಪಾಂಡೆ ಗರ್ಭಕಂಠದ ಕ್ಯಾನ್ಸರಿನಿಂದ ತೀರಿಕೊಂಡರೆಂದು ಅವರದೇ ಖಾತೆಯಲ್ಲಿ ಪ್ರಕಟವಾಯಿತು. ಮರುದಿನ ಅವರೇ ವಿಡಿಯೋದಲ್ಲಿ ಕಾಣಿಸಿಕೊಂಡು, ತಾನು ಬದುಕಿದ್ದೇನೆ, ಕ್ಯಾನ್ಸರ್ ಬಗ್ಗೆ ಜಾಗೃತಿ ಮೂಡಿಸಲು ಹೀಗೆ ಮಾಡಿದ್ದು ಎಂದರು. ಇದರಲ್ಲಿ ಕೈಯಾಡಿಸಿದ್ದ ಪ್ರಚಾರ ಸಂಸ್ಥೆ ಕ್ಷಮೆ ಕೇಳಿತು, ಜೊತೆಗೆ ಆ ಕಾಯಿಲೆಯ ಬಗ್ಗೆ ಹುಡುಕಾಟ ಹೆಚ್ಚಾಯಿತೆಂದು ಸಮರ್ಥಿಸಿಕೊಂಡಿತು. ಭಾರತದಲ್ಲಿ 2020ರ ಅಂದಾಜಿನಂತೆ ಒಂದು ವರ್ಷಕ್ಕೆ ಒಂದು ಲಕ್ಷದ ಇಪ್ಪತ್ತು ಸಾವಿರಕ್ಕೂ ಹೆಚ್ಚು ಹೆಣ್ಣುಮಕ್ಕಳಿಗೆ ಈ ಕಾಯಿಲೆ ತಗಲುತ್ತದೆ, ಸುಮಾರು 77 ಸಾವಿರ ಮಂದಿ ಸಾಯುತ್ತಾರೆ. ಲಸಿಕೆಯಿಂದ, ಕಾಲಕಾಲಕ್ಕೆ ಮಾಡಿಸುವ ಪರೀಕ್ಷೆಯಿಂದ ಬಹುಪಾಲು ತಡೆಯಬಹುದಾದ ಕಾಯಿಲೆ ಇದು. ಇಷ್ಟು ದೊಡ್ಡ ನಿಜ ಕೈಯಲ್ಲಿರುವಾಗ ಸುಳ್ಳು ಸಾವು ಯಾಕೆ ಬೇಕಾಯಿತು?

ಹುಡುಕಾಟ ಹೆಚ್ಚಾಗಿದ್ದು ನಿಜವೇ ಇರಬಹುದು. ಆದರೆ ಲೆಕ್ಕದ ಇನ್ನೊಂದು ಬದಿಯೂ ಇದೆ. ಆಸ್ಪತ್ರೆಯ ವಾರ್ಡಿನಲ್ಲಿ ಅದೇ ಕಾಯಿಲೆಯೊಂದಿಗೆ ಮಲಗಿದ್ದ ಹೆಣ್ಣುಮಗಳು ಆ ಸುದ್ದಿ ಓದಿದ ರಾತ್ರಿಯನ್ನು ಹೇಗೆ ಕಳೆದಿರಬೇಕು? ಮರುದಿನ ಅದು ಸುಳ್ಳೆಂದು ತಿಳಿದಾಗ ತನ್ನ ಕಾಯಿಲೆಯೇ ಯಾರದೋ ಆಟದ ಸಾಮಾನಾಯಿತೆಂದು ಅವಳಿಗೆ ಅನಿಸಲಿಲ್ಲವೇ? ನಮ್ಮಲ್ಲಿ ಸಾವಿನ ಸುದ್ದಿ ಕಿವಿಗೆ ಬಿದ್ದಾಕ್ಷಣ 'ಇನ್ನಾಲಿಲ್ಲಾಹಿ' ಎಂದು ಬಾಯಿಗೆ ಬರುತ್ತದೆ, ಇತರರ ಬಾಯಲ್ಲಿ 'ಅಯ್ಯೋ ದೇವರೇ' ಎಂದು ಬರುತ್ತದೆ. ಸುದ್ದಿ ನಿಜವೋ ಸುಳ್ಳೋ ಎಂದು ಯಾರೂ ಮೊದಲು ಪರೀಕ್ಷಿಸುವುದಿಲ್ಲ. ಮರುಕ ಮೊದಲು, ವಿಚಾರಣೆ ಆಮೇಲೆ. ಸಮಾಜ ಎಂಬುದು ನಿಂತಿರುವುದೇ ಈ ಕ್ರಮದ ಮೇಲೆ. ಆ ಕ್ರಮವನ್ನು ತಲೆಕೆಳಗು ಮಾಡುವ ತಮಾಷೆ ಒಬ್ಬಿಬ್ಬರನ್ನಲ್ಲ, ಮರುಕವನ್ನೇ ಮೂರ್ಖವಾಗಿಸುತ್ತದೆ. ಮುಂದಿನ ಸಲ ನಿಜವಾದ ಸಾವಿನ ಸುದ್ದಿ ಬಂದಾಗ ನಾವು ಅರೆಕ್ಷಣ ಹಿಂದೇಟು ಹಾಕುತ್ತೇವೆ. ಆ ಅರೆಕ್ಷಣದ ನಷ್ಟವನ್ನು ಯಾವ ಕಂಪೆನಿಯ ಲೆಕ್ಕಪುಸ್ತಕವೂ ಬರೆದುಕೊಳ್ಳುವುದಿಲ್ಲ.

*

ಇನ್ನು ತಮಸ್ಖುರ್. 2023ರ ಜೂನ್ 5, ವಿಶ್ವ ಪರಿಸರ ದಿನ. ಜೊಮ್ಯಾಟೊ ಒಂದು ವಿಡಿಯೋ ಬಿಟ್ಟಿತು. 2001ರ 'ಲಗಾನ್' ಚಿತ್ರದಲ್ಲಿ ಕಚರಾ ಎಂಬ ದಲಿತ ಪಾತ್ರವನ್ನು ಮಾಡಿದ್ದ ಆದಿತ್ಯ ಲಾಖಿಯಾ ಅವರೇ ಇದರಲ್ಲೂ ಇದ್ದರು. ಪಾತ್ರದ ಹೆಸರಿಗೂ ಕಸಕ್ಕೂ ಹಿಂದಿಯಲ್ಲಿ ಒಂದೇ ಪದ ಎಂಬುದೇ ಜೋಕು. ಮರುಬಳಕೆಯ ಪ್ಲಾಸ್ಟಿಕ್ಕಿನಿಂದ ಮಾಡಿದ ಮೇಜು, ದೀಪ, ಹೂಕುಂಡ ಎಂದು ಆ ನಟನನ್ನೇ ಒಂದೊಂದು ವಸ್ತುವಾಗಿ ನಿಲ್ಲಿಸಲಾಗಿತ್ತು. ಸಿನಿಮಾದಲ್ಲಿ ಹಳ್ಳಿಯವರು ಮುಟ್ಟಲು ಹಿಂಜರಿದ ಕಚರಾನ ಊನವಾದ ಕೈಯೇ ಚೆಂಡಿಗೆ ಸುಳಿ ಕೊಟ್ಟು ಆ ತಂಡಕ್ಕೆ ನೆರವಾಗುತ್ತದೆ. ಆ ಪಾತ್ರಕ್ಕೆ ಇಪ್ಪತ್ತೆರಡು ವರ್ಷಗಳ ನಂತರ ಮಾರುಕಟ್ಟೆ ಕೊಟ್ಟ ಬಡ್ತಿ ಎಂದರೆ ಮೇಜು ಮತ್ತು ಹೂಕುಂಡ. ಪ್ರತಿಭಟನೆ ಎದ್ದಿತು, ಚಿತ್ರ ನಿರ್ದೇಶಕ ನೀರಜ್ ಘಾಯ್ವಾನ್ ಅಂಥವರು ಖಂಡಿಸಿದರು, ಪರಿಶಿಷ್ಟ ಜಾತಿಗಳ ರಾಷ್ಟ್ರೀಯ ಆಯೋಗ ನೋಟಿಸ್ ಕೊಟ್ಟಿತು. ಕಂಪೆನಿ ವಿಡಿಯೋವನ್ನು ಹಿಂತೆಗೆದುಕೊಂಡು, ತನಗೆ ನೋಯಿಸುವ ಉದ್ದೇಶವಿರಲಿಲ್ಲ ಎಂದಿತು.

ಉದ್ದೇಶವಿರಲಿಲ್ಲ ಎಂಬುದನ್ನು ನಾವು ನಂಬುತ್ತೇವೆ. ನಮ್ಮನ್ನು ಹೆಚ್ಚು ಚಿಂತೆಗೀಡುಮಾಡುವುದು ಅದೇ. ಈ ವಿಡಿಯೋ ತಯಾರಾಗುವಾಗ ಎಷ್ಟು ಜನ ಅದನ್ನು ನೋಡಿರಬೇಕು, ಬರೆದವರು, ತೆಗೆದವರು, ಒಪ್ಪಿಗೆ ಕೊಟ್ಟವರು. ಅಲ್ಲಿ ಒಬ್ಬರ ಬಾಯಿಂದಲೂ 'ಇದು ಸರಿಯಲ್ಲ' ಎಂಬ ಮಾತು ಬಂದು ನಿಲ್ಲಲಿಲ್ಲ ಎಂದರೆ ಆ ಕೋಣೆಯಲ್ಲಿ ಯಾರು ಇರಲಿಲ್ಲ ಎಂಬುದು ತಾನಾಗಿ ತಿಳಿಯುತ್ತದೆ. ಜೋಕು ಕಟ್ಟುವ ಮೇಜಿನ ಸುತ್ತ ಕೂರಲು ಜಾಗ ಸಿಗದವರೇ ಜೋಕಿನೊಳಗಿನ ಮೇಜಾಗುತ್ತಾರೆ.

ನಗುವ ಪರವಾನಗಿ ಈ ದೇಶದಲ್ಲಿ ಎಲ್ಲರಿಗೂ ಸಮವಾಗಿ ಹಂಚಿಕೆಯಾಗಿಲ್ಲ. 2019ರ ನವೆಂಬರಿನಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ರಾತ್ರಿ ದೆವ್ವದ ವೇಷ ಹಾಕಿ ದಾರಿಹೋಕರನ್ನು ಹೆದರಿಸಿ ವಿಡಿಯೋ ಮಾಡುತ್ತಿದ್ದ ಏಳು ಯುವಕರನ್ನು ಪೊಲೀಸರು ಬಂಧಿಸಿದರು. ರಾತ್ರಿ ಆಟೋ ಓಡಿಸುವವನಿಗೆ ಹೆದರಿಕೆ ಹುಟ್ಟಿಸಿದ ಅದು ಕೆಟ್ಟ ಆಟವೇ, ಸಂಶಯವಿಲ್ಲ. 2021ರ ಜನವರಿಯಲ್ಲಿ ಹಾಸ್ಯ ಕಲಾವಿದ ಮುನವ್ವರ್ ಫಾರೂಕಿ ಇಂದೋರಿನ ಜೈಲಿಗೆ ಹೋದದ್ದು ಜೋಕು ಹೇಳಿದ ಆರೋಪಕ್ಕೆ. ಒಂದು ತಿಂಗಳಿಗೂ ಹೆಚ್ಚು ಕಾಲ ಅವರು ಒಳಗಿದ್ದರು. ಅದೇ ವರ್ಷ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ನಡೆಯಬೇಕಿದ್ದ ಅವರ ಕಾರ್ಯಕ್ರಮವನ್ನು ರದ್ದುಪಡಿಸುವಂತೆ ಪೊಲೀಸರೇ ಸಂಘಟಕರಿಗೆ ಪತ್ರ ಬರೆದರು. ಬೀದಿ ಹುಡುಗರ ಕುಚೇಷ್ಟೆಗೆ ಠಾಣೆ, ಮುಸ್ಲಿಂ ಹಾಸ್ಯಗಾರನ ಮಾತಿಗೆ ಜೈಲು, ಕಂಪೆನಿಯ ಕುಚೇಷ್ಟೆಗೆ ಒಂದು ಕ್ಷಮಾಪಣೆಯ ಸಾಲು. ಹೀಗೆ ಹಂಚಿಹೋಗಿದೆ ನಗು.

ಇಷ್ಟು ಹೇಳಿದ ಮೇಲೆ ಒಂದು ಜಾಹೀರಾತನ್ನು ನೆನೆಯದೇ ಹೋದರೆ ಅನ್ಯಾಯವಾದೀತು. 2019ರ ಹೋಳಿಗೆ ಮುನ್ನ ಹಿಂದೂಸ್ತಾನ್ ಯೂನಿಲಿವರಿನ ಸರ್ಫ್ ಎಕ್ಸೆಲ್ ಒಂದು ಚಿತ್ರ ತಂದಿತು. ಬಿಳಿ ಬಟ್ಟೆ ತೊಟ್ಟ ಒಬ್ಬ ಪುಟ್ಟ ಹುಡುಗಿ ಸೈಕಲ್ ಮೇಲೆ ಬೀದಿಯ ತುಂಬ ಸುತ್ತುತ್ತ, ಮಹಡಿ ಮಹಡಿಯ ಮಕ್ಕಳನ್ನು ಕೆಣಕಿ ಅವರ ಬಣ್ಣದ ಬಲೂನುಗಳೆಲ್ಲ ತನ್ನ ಮೇಲೆ ಖಾಲಿಯಾಗುವಂತೆ ಮಾಡುತ್ತಾಳೆ. ಬಣ್ಣ ಮುಗಿದ ಮೇಲೆ ಬಿಳಿ ಕುರ್ತಾ ತೊಟ್ಟ ತನ್ನ ಮುಸ್ಲಿಂ ಗೆಳೆಯನನ್ನು ಸೈಕಲ್ಲಿನಲ್ಲಿ ಕೂರಿಸಿ ಮಸೀದಿಯ ಮೆಟ್ಟಿಲಿಗೆ ಬಿಡುತ್ತಾಳೆ. ನಮಾಜು ಮುಗಿಸಿ ಬರುತ್ತೇನೆ ಎಂದು ಅವನು ಹೇಳಿದಾಗ, ಬಂದ ಮೇಲೆ ಬಣ್ಣ ಬಿದ್ದೇ ಬೀಳುತ್ತದೆ ಎಂದು ನಗುತ್ತಾಳೆ. ಇದೂ ಕುಚೇಷ್ಟೆಯೇ. ಆದರೆ ಇಲ್ಲಿ ಕುಚೇಷ್ಟೆಯ ಬೆಲೆಯನ್ನು ತೆತ್ತವಳು ಕುಚೇಷ್ಟೆ ಮಾಡಿದವಳೇ. ಗೆಳೆಯನ ಅಂಗಿ ಬಿಳಿಯಾಗಿ ಉಳಿಯಿತು, ಮೋಸ ಹೋದ ಮಕ್ಕಳಿಗೆ ಆಟ ಸಿಕ್ಕಿತು. ಎಲ್ಲರ ಕೈಯಲ್ಲೂ ಏನೋ ಉಳಿಯಿತು.

ಆ ಚಿತ್ರದ ವಿರುದ್ಧ ಬಹಿಷ್ಕಾರದ ಕೂಗೆದ್ದಿತು. ಸಿಟ್ಟಿನ ಭರದಲ್ಲಿ ಕೆಲವರು ಬಟ್ಟೆ ಒಗೆಯುವ ಎಕ್ಸೆಲ್ ಯಾವುದು, ಲೆಕ್ಕ ಬರೆಯುವ ಎಕ್ಸೆಲ್ ಯಾವುದು ಎಂದು ತಿಳಿಯದೆ ಮೈಕ್ರೋಸಾಫ್ಟ್ ಎಕ್ಸೆಲ್‌ಗೆ ಒಂದೇ ನಕ್ಷತ್ರ ಕೊಟ್ಟು ಬೈದರು. ಯಾವ ಏಜೆನ್ಸಿಯೂ ಬರೆಯಲಾರದ ಜೋಕು ಅದು. ಕಂಪೆನಿ ಜಾಹೀರಾತನ್ನು ಹಿಂತೆಗೆದುಕೊಳ್ಳಲಿಲ್ಲ. ಅದು ಸಾಬೂನು ಪುಡಿ ಮಾರಲೆಂದೇ ಆ ಕಥೆ ಹೇಳಿತು ಎಂಬುದು ನಮಗೆ ಗೊತ್ತಿದೆ. ಸಂತೆಯ ಬಳೆಗಾರನೂ ಬಳೆ ಮಾರಲೆಂದೇ ನಗಿಸುತ್ತಿದ್ದ. ಮಾರುವುದು ತಪ್ಪಲ್ಲ.

*

ಕಥೆಗಾರರಾದ ನಾವೂ ಇಲ್ಲದ್ದನ್ನು ಹೇಳುವವರೇ. ಓದುಗನನ್ನು ಒಂದು ದಾರಿಯಲ್ಲಿ ಕರೆದೊಯ್ದು ಕೊನೆಯಲ್ಲಿ ಬೇರೆಲ್ಲೋ ನಿಲ್ಲಿಸುತ್ತೇವೆ. ಆದರೆ ಕಥೆಯ ಹೊಸ್ತಿಲು ದಾಟುವಾಗ ಇದು ಕಥೆ ಎಂದು ಓದುಗನಿಗೆ ಗೊತ್ತಿರುತ್ತದೆ, ಅವನು ಒಪ್ಪಿಯೇ ಒಳಗೆ ಬರುತ್ತಾನೆ. ಕಂಪೆನಿಯ ಹೊಸ ತಮಾಷೆಗೆ ಹೊಸ್ತಿಲೇ ಇಲ್ಲ. ಹಿಂದೆ ಹಲಗೆ ಬೀದಿಯಲ್ಲಿತ್ತು, ಬೇಕಾದವರು ಕತ್ತೆತ್ತಿ ನೋಡುತ್ತಿದ್ದರು. ಬೆಂಗಳೂರಿನಲ್ಲಿ 2018ರಲ್ಲಿ ಹೈಕೋರ್ಟಿನ ಆದೇಶದ ನಂತರ ಪಾಲಿಕೆ ಆ ಹಲಗೆ, ಫ್ಲೆಕ್ಸುಗಳನ್ನು ದಂಡಿಯಾಗಿ ಕಿತ್ತು ಹಾಕಿದ್ದನ್ನು ನೋಡಿದ್ದೇವೆ. ಆದರೆ ಜೇಬಿನೊಳಗೆ, ದಿಂಬಿನ ಪಕ್ಕ ಹುಗಿದು ನಿಂತಿರುವ ಹಲಗೆಯನ್ನು ಯಾವ ಪಾಲಿಕೆ ಕೀಳಬೇಕು? ಅದು ನಮ್ಮ ಗೆಳೆಯನ ದನಿಯಲ್ಲಿ, ಅಕ್ಕನ ದನಿಯಲ್ಲಿ, ಕೊನೆಗೆ ಅಮ್ಮನ ದನಿಯಲ್ಲಿ ಮಾತನಾಡುತ್ತದೆ. ನಗಿಸುವ ದನಿ ಒಂದು ಕಡೆ. ಊಟ ಹೊತ್ತು ತರುವ ಹುಡುಗರ ಭದ್ರತೆಗಾಗಿ ಕರ್ನಾಟಕ ಸರ್ಕಾರ ಕಾನೂನಿನ ಕರಡು ತಂದಾಗ ಉದ್ಯಮ ಸಂಘಟನೆಗಳು ಎತ್ತಿದ ಆಕ್ಷೇಪಗಳ ದನಿ ಇನ್ನೊಂದು ಕಡೆ, ಅಲ್ಲಿ ಸ್ನೇಹವೂ ಇರಲಿಲ್ಲ, ಚಟಾಕಿಯೂ ಇರಲಿಲ್ಲ. ಆ ಕಾನೂನು 2025ರಲ್ಲಿ ಜಾರಿಗೆ ಬಂತು ಎಂಬುದಷ್ಟೇ ನೆಮ್ಮದಿ.

ಖಾಲಾ ಬದುಕಿದ್ದಾಗ ನಿಜವಾಗಿಯೂ ದಿನಾ ರಾತ್ರಿ ಒಂಬತ್ತಕ್ಕೆ ಮಗನಿಗೆ ಫೋನ್ ಮಾಡುತ್ತಿದ್ದರು. ಅವರದೂ ಒಂದು ತಮಾಷೆ ಇತ್ತು. ಊಟ ಮಾಡಿಲ್ಲ ಎಂದು ಮಗ ಹೇಳಿದರೆ "ಹಾಗಾದರೆ ಇರು, ಡಬ್ಬಿ ತಗೊಂಡು ಈಗಲೇ ಬಸ್ಸು ಹತ್ತುತ್ತೇನೆ" ಎಂದು ಹೆದರಿಸುತ್ತಿದ್ದರು. ಇಬ್ಬರೂ ನಗುತ್ತಿದ್ದರು. ಒಂದು ಸಲ ಅವನಿಗೆ ಜ್ವರ ಬಂದು ಎರಡು ದಿನ ಸರಿಯಾಗಿ ಉಣ್ಣಲಿಲ್ಲ ಎಂದು ತಿಳಿದಾಗ ಆಕೆ ಮರುದಿನ ಬೆಳಗಿನ ಮೊದಲ ಬಸ್ಸಿಗೆ ಹೊರಟು, ವಿಳಾಸದ ಚೀಟಿಯನ್ನು ಕಂಡಕ್ಟರನಿಗೆ, ಆಟೋದವನಿಗೆ ತೋರಿಸುತ್ತ ಮಧ್ಯಾಹ್ನದ ಹೊತ್ತಿಗೆ ರೂಮಿನ ಬಾಗಿಲು ತಟ್ಟಿದ್ದರು. ಕೈಯಲ್ಲಿ ಮೂರು ಅಂತಸ್ತಿನ ಸ್ಟೀಲ್ ಡಬ್ಬಿ ಇತ್ತು. ಕೆಳಗಿನದರಲ್ಲಿ ಖಿಚಡಿ, ಇನ್ನೂ ಬೆಚ್ಚಗಿತ್ತಂತೆ.